ಲಸಿಕೆಗೆ ಪಕ್ಷವಿಲ್ಲ, ಲಸಿಕೆ ನೀತಿಗೆ?

ಮಸ್ಕಿ ಉಪಚುನಾವಣೆಯಿಂದ ಹಾಸನದ ಹೃದಯಾಘಾತ ವಿವಾದದವರೆಗೆ ಒಂದು ಅವಲೋಕನ

2021ರ ಏಪ್ರಿಲ್ ತಿಂಗಳ ಎರಡನೆಯ ವಾರ. ಕೊರೊನಾ ಎರಡನೇ ಅಲೆ ರಾಜ್ಯವನ್ನು ಆವರಿಸತೊಡಗಿದ್ದ ದಿನಗಳು. ಏಪ್ರಿಲ್ 11ರಿಂದ 14ರವರೆಗೆ ದೇಶದಾದ್ಯಂತ ಲಸಿಕಾ ಉತ್ಸವ ನಡೆಸುವಂತೆ ಕೇಂದ್ರ ಸರ್ಕಾರ ಕರೆ ನೀಡಿತ್ತು. 45 ವರ್ಷ ದಾಟಿದವರೆಲ್ಲರೂ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬಂದು ಲಸಿಕೆ ಪಡೆಯಬೇಕು, ಮುಖಗವಸು ಧರಿಸಬೇಕು, ಅಂತರ ಕಾಯ್ದುಕೊಳ್ಳಬೇಕು ಎಂಬುದು ಆ ಕರೆಯ ತಿರುಳು. ಅವೇ ನಾಲ್ಕು ದಿನಗಳಲ್ಲಿ ರಾಯಚೂರು ಜಿಲ್ಲೆಯ ಮಸ್ಕಿ ವಿಧಾನಸಭಾ ಕ್ಷೇತ್ರದಲ್ಲಿ ಉಪಚುನಾವಣೆಯ ಬಹಿರಂಗ ಪ್ರಚಾರ ತಾರಕಕ್ಕೇರಿತ್ತು. ಆಡಳಿತ ಪಕ್ಷ, ಪ್ರತಿಪಕ್ಷ ಎಂಬ ಭೇದವಿಲ್ಲದೆ ರಾಜ್ಯದ ಅಗ್ರನಾಯಕರು ಅಲ್ಲಿ ಸಭೆ ನಡೆಸಿದರು. ಗುಂಪುಗೂಡಬೇಡಿ ಎಂದು ಉಪದೇಶಿಸಿದವರೇ ಗುಂಪು ಸೇರಿಸಿದರು.

ರಾಜಕೀಯ ಧ್ರುವೀಕರಣವು ಲಸಿಕೆ ನೀತಿಯನ್ನೂ ಸಾರ್ವಜನಿಕ ಆರೋಗ್ಯವನ್ನೂ ಯಾವ ಬಗೆಯಲ್ಲಿ ಬಾಧಿಸುತ್ತದೆ ಎಂಬ ಪ್ರಶ್ನೆ ಜಗತ್ತಿನಾದ್ಯಂತ ಚರ್ಚೆಯಾಗುತ್ತಿದೆ. ಅಮೆರಿಕದಲ್ಲಿ ಲಸಿಕೆ ಹಾಕಿಸಿಕೊಳ್ಳುವವರು, ಹಾಕಿಸಿಕೊಳ್ಳದವರು ಎಂದು ಮತದಾರರೇ ಪಕ್ಷವಾರು ಹಂಚಿಹೋದರು. ಕರ್ನಾಟಕದಲ್ಲಿ ಅಂತಹ ಸ್ಥಿತಿ ಬರಲಿಲ್ಲ. ಇಲ್ಲಿ ಧ್ರುವೀಕರಣದ ಪೆಟ್ಟು ಬಿದ್ದದ್ದು ಬೇರೆ ಮೂರು ಕಡೆ: ನಿರ್ಬಂಧಗಳ ದಿನಾಂಕ ನಿಗದಿಯಲ್ಲಿ, ಲಸಿಕೆಯ ಖರೀದಿಯಲ್ಲಿ ಮತ್ತು ನಾಯಕರ ಮಾತಿನಲ್ಲಿ. ಆ ಮೂರರ ಪರಿಣಾಮವನ್ನು ಕಟ್ಟಕಡೆಗೆ ಎದುರಿಸಬೇಕಾಗಿ ಬಂದದ್ದು ಸಿಂಧನೂರು, ಲಿಂಗಸುಗೂರು, ಮಸ್ಕಿಯಂತಹ ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರು ಮತ್ತು ಅವರು ಬಾಗಿಲು ತಟ್ಟುವ ಮನೆಗಳು.

ಮೂರು ಉಪಚುನಾವಣೆಗಳ ಹಿನ್ನೆಲೆ

2021ರ ಏಪ್ರಿಲ್ 17ರಂದು ರಾಜ್ಯದಲ್ಲಿ ಮೂರು ಕಡೆ ಉಪಚುನಾವಣೆ ನಡೆಯಿತು. ಬೆಳಗಾವಿ ಲೋಕಸಭಾ ಸ್ಥಾನ ತೆರವಾದದ್ದು ಕೇಂದ್ರ ಸಚಿವ ಸುರೇಶ ಅಂಗಡಿಯವರ ನಿಧನದಿಂದ. ಬಸವಕಲ್ಯಾಣ ವಿಧಾನಸಭಾ ಸ್ಥಾನ ತೆರವಾದದ್ದು ಶಾಸಕ ಬಿ. ನಾರಾಯಣರಾವ್ ಅವರ ನಿಧನದಿಂದ. ಇಬ್ಬರೂ 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್‌ಗೆ ಬಲಿಯಾದವರು. ಅದೇ ತಿಂಗಳ 17ರಂದು ರಾಯಚೂರಿನ ಅಶೋಕ ಗಸ್ತಿ, ರಾಜ್ಯಸಭೆಗೆ ಆಯ್ಕೆಯಾದ ಕೆಲವೇ ತಿಂಗಳಲ್ಲಿ, ಇದೇ ಸೋಂಕಿಗೆ ತುತ್ತಾಗಿ ನಿಧನರಾಗಿದ್ದರು. ರೋಗಕ್ಕೆ ಪಕ್ಷವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಮಸ್ಕಿಯ ಕಥೆ ಬೇರೆ. ಲಿಂಗಸುಗೂರು, ಸಿಂಧನೂರು ಸೇರಿದಂತೆ ನೆರೆಹೊರೆಯ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ 2008ರ ಚುನಾವಣೆಯ ವೇಳೆಗೆ ರೂಪುಗೊಂಡ ಪರಿಶಿಷ್ಟ ಪಂಗಡ ಮೀಸಲು ಕ್ಷೇತ್ರವಿದು. 2018ರಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳ ಅವರನ್ನು ಕೇವಲ 213 ಮತಗಳಿಂದ ಸೋಲಿಸಿದ್ದರು. 2019ರಲ್ಲಿ ಪ್ರತಾಪಗೌಡರು ರಾಜೀನಾಮೆ ನೀಡಿ, ಅನರ್ಹಗೊಂಡು, ಬಿಜೆಪಿ ಸೇರಿದರು. ತುರ್ವಿಹಾಳರು ಕಾಂಗ್ರೆಸ್ ಸೇರಿದರು. ಅಭ್ಯರ್ಥಿಗಳು ಅವರೇ, ಪಕ್ಷಗಳು ಅದಲುಬದಲು. ಚುನಾವಣಾ ತಕರಾರು ಅರ್ಜಿಯ ಕಾರಣದಿಂದ 2019ರ ಡಿಸೆಂಬರ್‌ನಲ್ಲಿ ಇತರ 15 ಕ್ಷೇತ್ರಗಳೊಡನೆ ನಡೆಯಬೇಕಿದ್ದ ಮಸ್ಕಿಯ ಉಪಚುನಾವಣೆ ಮುಂದೆ ಹೋಗಿ, ಎರಡನೇ ಅಲೆಯ ಬಾಯಿಗೆ ಬಂದು ನಿಂತಿತು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಪಾಮನಕಲ್ಲೂರಿನಲ್ಲಿ ಧರಣಿ ಕುಳಿತಿದ್ದ ಕಾಲವದು. ಪ್ರಚಾರದಲ್ಲಿ ನೀರಾವರಿ, ಪಕ್ಷಾಂತರ, ಸ್ವಾಭಿಮಾನ ಎಲ್ಲವೂ ಚರ್ಚೆಯಾದವು. ಲಸಿಕೆ ಹೇಗೆ ತಲುಪುತ್ತದೆ, ಆಮ್ಲಜನಕದ ಹಾಸಿಗೆ ಎಷ್ಟಿವೆ ಎಂಬ ವಿಷಯಗಳು ಹಿಂದೆ ಸರಿದವು.

ಚುನಾವಣೆ ಮುಗಿಯುವವರೆಗೆ ತಡೆದ ಕೈ

ಧ್ರುವೀಕರಣದ ಮೊದಲ ಪೆಟ್ಟು ದಿನಾಂಕಗಳ ಮೇಲೆ ಬೀಳುತ್ತದೆ. ಏಪ್ರಿಲ್ 10ರಿಂದ ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ, ಬೀದರ್, ತುಮಕೂರು, ಉಡುಪಿ ಮತ್ತು ಮಣಿಪಾಲದಲ್ಲಿ ರಾತ್ರಿ ಕರ್ಫ್ಯೂ ಜಾರಿಗೆ ಬಂತು. ಮತದಾನ ನಡೆಯಬೇಕಿದ್ದ ಬೆಳಗಾವಿ, ಬಸವಕಲ್ಯಾಣ, ಮಸ್ಕಿ ಆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಗೆ ಆಧಾರವಾದದ್ದು ಸೋಂಕಿನ ಪ್ರಮಾಣವೇ ಇದ್ದೀತು. ಆದರೆ ಹಗಲಿನಲ್ಲಿ ಸಾವಿರಾರು ಜನ ಸೇರುವ ಸಭೆಗೆ ಅಡ್ಡಿಯಿಲ್ಲ, ರಾತ್ರಿ ಹತ್ತರ ನಂತರ ಬೀದಿಗಿಳಿದರೆ ದಂಡ ಎಂಬ ನಿಯಮವನ್ನು ಜನರು ಹೇಗೆ ಅರ್ಥೈಸಿಕೊಳ್ಳಬೇಕು? ಸೋಂಕು ನಿಜವಾಗಿಯೂ ಅಪಾಯಕಾರಿಯಾಗಿದ್ದರೆ ನಾಯಕರು ಹೀಗೆ ಓಡಾಡುತ್ತಿದ್ದರೇ ಎಂಬ ಪ್ರಶ್ನೆ ಹಳ್ಳಿಯ ಕಟ್ಟೆಗಳಲ್ಲಿ ಹುಟ್ಟುವುದು ಸಹಜ. ಅದೇ ಪ್ರಶ್ನೆ ಮುಂದೆ ಲಸಿಕೆಯ ಬಗೆಗೂ ಏಳುತ್ತದೆ: ರೋಗವೇ ಅಷ್ಟು ದೊಡ್ಡದಲ್ಲವೆಂದರೆ ಸೂಜಿ ಏಕೆ?

ಸೋಂಕು ನಿಯಂತ್ರಣ ಕುರಿತ ಸರ್ವಪಕ್ಷ ಸಭೆಯನ್ನು ಏಪ್ರಿಲ್ 18ಕ್ಕೆ, ಅಂದರೆ ಮತದಾನದ ಮರುದಿನಕ್ಕೆ, ನಿಗದಿಪಡಿಸಲಾಗಿತ್ತು. ಏಪ್ರಿಲ್ 16ರಂದು ಸ್ವತಃ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿಗೇ ಎರಡನೇ ಬಾರಿ ಸೋಂಕು ದೃಢಪಟ್ಟಿತು. ಸಭೆ ಮುಂದಕ್ಕೆ ಹೋಯಿತು. ಏಪ್ರಿಲ್ 20ರಂದು ರಾಜ್ಯಪಾಲ ವಜುಭಾಯಿ ವಾಲಾ ಅವರ ಅಧ್ಯಕ್ಷತೆಯಲ್ಲಿ ಸಭೆ ಸೇರಿದಾಗ, ಚುನಾಯಿತ ಸರ್ಕಾರವಿರುವಾಗ ರಾಜ್ಯಪಾಲರು ಸಭೆ ನಡೆಸುವುದು ಸಂವಿಧಾನಬದ್ಧವೇ ಎಂಬ ಆಕ್ಷೇಪವನ್ನು ಕಾಂಗ್ರೆಸ್ ಎತ್ತಿತು. ಆಕ್ಷೇಪದಲ್ಲಿ ಹುರುಳಿತ್ತು. ಆದರೆ ಒಂದೊಂದು ದಿನವೂ ಅಮೂಲ್ಯವಾಗಿದ್ದ ವಾರದಲ್ಲಿ ಚರ್ಚೆ ರೋಗದಿಂದ ಅಧಿಕಾರವ್ಯಾಪ್ತಿಯ ಕಡೆಗೆ ಹೊರಳಿತು. ಏಪ್ರಿಲ್ 27ರಿಂದ ರಾಜ್ಯ ಬಾಗಿಲು ಹಾಕಿತು.

ಮಸ್ಕಿಯಲ್ಲಿ ಶೇ 70ರಷ್ಟು ಮತದಾನವಾಯಿತು. ಮೇ 2ರಂದು ಫಲಿತಾಂಶ ಪ್ರಕಟವಾದಾಗ ತುರ್ವಿಹಾಳರು 30,606 ಮತಗಳ ಅಂತರದಿಂದ ಗೆದ್ದಿದ್ದರು. ಅದಕ್ಕೂ ಮುನ್ನ, ಏಪ್ರಿಲ್ 26ರಂದು, ಮದ್ರಾಸ್ ಹೈಕೋರ್ಟ್ ಎರಡನೇ ಅಲೆಗೆ ಚುನಾವಣಾ ಆಯೋಗವನ್ನು ಕಟುವಾಗಿ ಹೊಣೆ ಮಾಡಿತ್ತು. ಮರುದಿನವೇ ಆಯೋಗ ವಿಜಯೋತ್ಸವದ ಮೆರವಣಿಗೆಗಳನ್ನು ನಿಷೇಧಿಸಿತ್ತು. ಪ್ರಚಾರಕ್ಕೆ ಇಲ್ಲದ ನಿಷೇಧ ವಿಜಯೋತ್ಸವಕ್ಕೆ ಬಂದಂತಾಯಿತು.

ಖರೀದಿ ಯಾರದು, ಹೊಣೆ ಯಾರದು?

ಎರಡನೆಯ ಪೆಟ್ಟು ಬಿದ್ದದ್ದು ಲಸಿಕೆ ಖರೀದಿಯ ಮೇಲೆ. ಭಾರತದಲ್ಲಿ ಮಕ್ಕಳ ಲಸಿಕೆಯನ್ನು ದಶಕಗಳಿಂದ ಕೇಂದ್ರವೇ ಖರೀದಿಸಿ ರಾಜ್ಯಗಳಿಗೆ ನೀಡುತ್ತಾ ಬಂದಿದೆ. ರಾಜ್ಯ ಸರ್ಕಾರದ ಕೆಲಸ ಅದನ್ನು ಜನರಿಗೆ ತಲುಪಿಸುವುದು. 2021ರ ಜನವರಿ 16ರಂದು ಆರಂಭವಾದ ಕೋವಿಡ್ ಲಸಿಕೆ ಅಭಿಯಾನವೂ ಮೊದಲಿಗೆ ಇದೇ ಜಾಡಿನಲ್ಲಿ ಸಾಗಿತು. ಆದರೆ ಏಪ್ರಿಲ್‌ನಲ್ಲಿ ಈ ಪದ್ಧತಿಯನ್ನು ಬದಲಿಸಲಾಯಿತು. ಮೇ 1ರಿಂದ ಉತ್ಪಾದನೆಯ ಶೇ 50 ಕೇಂದ್ರಕ್ಕೆ. ಉಳಿದರ್ಧವನ್ನು ರಾಜ್ಯಗಳೂ ಖಾಸಗಿ ಆಸ್ಪತ್ರೆಗಳೂ ನೇರವಾಗಿ ಖರೀದಿಸಬೇಕು ಎಂಬುದು ಹೊಸ ನೀತಿ. 18ರಿಂದ 44 ವರ್ಷದವರ ಹೊಣೆ ರಾಜ್ಯಗಳ ಪಾಲಿಗೆ ಬಂತು. ಒಂದೇ ಸೀಸೆಗೆ ಮೂರು ಬೆಲೆಗಳಾದವು. ಕೋವಿಶೀಲ್ಡ್ ಅನ್ನು ಕೇಂದ್ರಕ್ಕೆ ಡೋಸ್‌ಗೆ ₹150ರಂತೆ ಕೊಡುತ್ತಿದ್ದ ಕಂಪನಿ ರಾಜ್ಯಗಳಿಗೆ ₹400 ಎಂದು ಘೋಷಿಸಿ, ಟೀಕೆಯ ನಂತರ ₹300ಕ್ಕೆ ಇಳಿಸಿತು. ಖಾಸಗಿ ಆಸ್ಪತ್ರೆಗಳಿಗೆ ₹600.

ಪ್ರತಿಪಕ್ಷಗಳ ಆಳ್ವಿಕೆಯಿದ್ದ ರಾಜ್ಯಗಳು ಹೆಚ್ಚು ಅಧಿಕಾರ ಕೇಳಿದ್ದವು. ಅಧಿಕಾರ ಕೊಟ್ಟೆವು ಎಂದಿತು ಕೇಂದ್ರ. ಲಸಿಕೆಯನ್ನೇ ಕೊಡದೆ ಅಧಿಕಾರ ಕೊಟ್ಟರೇನು ಎಂದವು ರಾಜ್ಯಗಳು. ಕರ್ನಾಟಕದ ಸ್ಥಿತಿ ಇನ್ನೂ ಇಕ್ಕಟ್ಟಿನದು. ಕೇಂದ್ರದಲ್ಲೂ ರಾಜ್ಯದಲ್ಲೂ ಒಂದೇ ಪಕ್ಷವಿದ್ದುದರಿಂದ ಕೊರತೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುವ ಸ್ವಾತಂತ್ರ್ಯ ಆಳುವವರಿಗೆ ಇರಲಿಲ್ಲ. ಕೊರತೆಯನ್ನು ಗಟ್ಟಿಯಾಗಿ ಹೇಳುವುದರ ಹೊರತು ಬೇರೆ ಕೆಲಸ ವಿರೋಧಿಗಳಿಗೆ ಇರಲಿಲ್ಲ. ಮೇ 1ರಂದು ಆರಂಭವಾಗಬೇಕಿದ್ದ 18–44ರ ವಯೋಮಾನದ ಲಸಿಕೆ ಮೇ 10ಕ್ಕೆ ಆರಂಭವಾಗಿ, ಮೇ 14ರಿಂದ ಸ್ಥಗಿತಗೊಂಡಿತು. ಎರಡು ಕೋಟಿ ಡೋಸ್‌ಗಳಿಗೆ ರಾಜ್ಯ ಕರೆದ ಜಾಗತಿಕ ಟೆಂಡರ್ ಕೈಗೂಡಲಿಲ್ಲ. ತಾವೇ ₹100 ಕೋಟಿ ವೆಚ್ಚದಲ್ಲಿ ಲಸಿಕೆ ಖರೀದಿಸುವುದಾಗಿ, ಅದರಲ್ಲಿ ₹90 ಕೋಟಿಯನ್ನು ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಹೊಂದಿಸುವುದಾಗಿ ಕಾಂಗ್ರೆಸ್ ನಾಯಕರು ಘೋಷಿಸಿದರು. ನ್ಯಾಯಾಲಯ ಕೇಳಿದಷ್ಟು ಲಸಿಕೆ ಇನ್ನೂ ತಯಾರಾಗಿಲ್ಲವೆಂದರೆ ನಾವು ನೇಣು ಹಾಕಿಕೊಳ್ಳಬೇಕೇ ಎಂದು ರಾಜ್ಯದವರೇ ಆದ ಕೇಂದ್ರ ಸಚಿವ ಡಿ.ವಿ. ಸದಾನಂದ ಗೌಡರು ಮೇ 13ರಂದು ಕೇಳಿದರು. ಮಾತುಗಳು ಹೆಚ್ಚಿದವು, ಸೀಸೆಗಳು ಹೆಚ್ಚಲಿಲ್ಲ.

ಕೊನೆಗೆ ಬಾಗಿಲು ತೆರೆಸಿದ್ದು ನ್ಯಾಯಾಂಗದ ಒತ್ತಡ. 18–44 ವರ್ಷದವರಿಂದ ಹಣ ಪಡೆಯುವ ನೀತಿ ಮೇಲ್ನೋಟಕ್ಕೆ ಮನಸೋಇಚ್ಛೆಯದೂ ತರ್ಕಹೀನವೂ ಆಗಿದೆ ಎಂದು ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ ಹೇಳಿತು. ಜೂನ್ 7ರಂದು ಪ್ರಧಾನಿ ನೀತಿಯನ್ನು ಹಿಂಪಡೆದರು. ಜೂನ್ 21ರಿಂದ ಶೇ 75ರಷ್ಟನ್ನು ಕೇಂದ್ರವೇ ಖರೀದಿಸಿ ಎಲ್ಲ ವಯಸ್ಕರಿಗೂ ಉಚಿತವಾಗಿ ನೀಡುವ ವ್ಯವಸ್ಥೆ ಬಂತು. ಹಳೆಯ ಜಾಡಿಗೆ ಮರಳಲು ಐವತ್ತು ದಿನ ಬೇಕಾಯಿತು. ಎರಡನೇ ಅಲೆ ಅತ್ಯಂತ ಹೆಚ್ಚು ಜನರನ್ನು ಬಲಿ ಪಡೆದದ್ದು ಆ ದಿನಗಳಲ್ಲೇ.

ಹತ್ತು ಡೋಸ್‌ನ ಸೀಸೆ

ಬೆಂಗಳೂರು, ದೆಹಲಿಯ ಈ ಜಗ್ಗಾಟ ಸಿಂಧನೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ರೂಪ ತಾಳುತ್ತದೆ ಎಂಬುದನ್ನು ಅರಿಯಲು ಒಂದು ತಾಂತ್ರಿಕ ಸಂಗತಿ ಸಾಕು. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ ಹತ್ತು ಡೋಸ್‌ಗಳಿರುತ್ತಿದ್ದವು. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಇಲ್ಲವಾದರೆ ಉಳಿದದ್ದು ವ್ಯರ್ಥ. ವ್ಯರ್ಥವಾದದ್ದಕ್ಕೆ ಲೆಕ್ಕ ಕೊಡಬೇಕು. ಆದ್ದರಿಂದ ಹತ್ತು ಜನ ಸೇರುವವರೆಗೆ ಕಾಯುವುದು ಶುಶ್ರೂಷಕಿಗೆ ಅನಿವಾರ್ಯ.

ಲಸಿಕೆ ಇದ್ದಾಗ ಜನ ಬರಲಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಆರು ಜನ ಬಂದು, ಉಳಿದ ನಾಲ್ವರಿಗಾಗಿ ಕಾದು, ಕೂಲಿ ತಪ್ಪುತ್ತದೆಂದು ಹೊರಟುಹೋದರೆ ಮತ್ತೆ ಬರುವ ಭರವಸೆಯಿಲ್ಲ. ಜನ ಬಂದಾಗ ಲಸಿಕೆ ಇರಲಿಲ್ಲ. ಸಾವಿನ ಸುದ್ದಿಗಳು ಹತ್ತಿರವಾದಂತೆ ಮೇ ತಿಂಗಳಲ್ಲಿ ಸಾಲುಗಳು ಬೆಳೆದವು, ದಾಸ್ತಾನು ಇಲ್ಲ ಎಂಬ ಫಲಕಗಳೂ ಬೆಳೆದವು. ಇದರ ನಡುವೆಯೇ ಮೇ 13ರಂದು ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರವನ್ನು 12ರಿಂದ 16 ವಾರಗಳಿಗೆ ವಿಸ್ತರಿಸಲಾಯಿತು. ಅಂತರ ಹೆಚ್ಚಿದರೆ ರಕ್ಷಣೆ ಹೆಚ್ಚುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅನುಭವದ ಆಧಾರವಿತ್ತು. ಆದರೂ ತೀವ್ರ ಕೊರತೆಯ ವಾರದಲ್ಲೇ ಆದೇಶ ಬಂದುದರಿಂದ, ವಿಜ್ಞಾನದ ಕಾರಣ ಹಿಂದಾಗಿ ದಾಸ್ತಾನಿನ ಕಾರಣವೇ ಮುಂದಾಗಿ ಕಂಡಿತು. ಸರ್ಕಾರದ ಮಾತಿನ ಮೇಲೆ ನಂಬಿಕೆ ಉಳಿಯದಿದ್ದಾಗ ಸರಿಯಾದ ನಿರ್ಧಾರವೂ ತಂತ್ರವೆಂಬಂತೆ ಕಾಣುತ್ತದೆ.

ಸಂಶಯಕ್ಕೆ ನೀರೆರೆದವರು ಎಲ್ಲ ಪಾಳಯಗಳಲ್ಲೂ ಇದ್ದರು. ಮೂರನೇ ಹಂತದ ಪ್ರಯೋಗದ ಫಲಿತಾಂಶಕ್ಕೆ ಮುನ್ನವೇ 2021ರ ಜನವರಿ 3ರಂದು ಕೊವ್ಯಾಕ್ಸಿನ್‌ಗೆ ಅನುಮತಿ ದೊರೆತಾಗ ಕಾಂಗ್ರೆಸ್‌ನ ಹಿರಿಯರು ಎತ್ತಿದ ಪ್ರಶ್ನೆ ವೈಜ್ಞಾನಿಕವಾಗಿ ಸಹಜವಾದದ್ದೇ. ಅದಕ್ಕೆ ಅಂಕಿಅಂಶದ ಉತ್ತರ ಕೊಡುವ ಬದಲು, ಪ್ರಶ್ನಿಸುವವರು ದೇಶದ ವಿಜ್ಞಾನಿಗಳನ್ನು ಅವಮಾನಿಸುತ್ತಿದ್ದಾರೆ ಎಂಬ ಪ್ರತ್ಯುತ್ತರ ಬಂತು. ಇನ್ನೊಂದೆಡೆ ಉತ್ತರ ಪ್ರದೇಶದ ಅಖಿಲೇಶ್ ಯಾದವ್ ಅದನ್ನು ಬಿಜೆಪಿಯ ಲಸಿಕೆ ಎಂದೇ ಕರೆದರು. ಪ್ರಮಾಣಪತ್ರದ ಮೇಲೆ ಪ್ರಧಾನಿಯ ಭಾವಚಿತ್ರ ಬಂದರೆ, ಕೆಲವು ರಾಜ್ಯಗಳು ತಮ್ಮ ಮುಖ್ಯಮಂತ್ರಿಯ ಚಿತ್ರ ಅಚ್ಚು ಹಾಕಿದವು. ಲಸಿಕೆಗೆ ಮುಖ ಬಂದ ಮೇಲೆ ಆ ಮುಖದ ಮೇಲಿನ ಪ್ರೀತಿ, ದ್ವೇಷ ಎರಡೂ ಲಸಿಕೆಗೆ ಅಂಟಿಕೊಂಡವು.

ಬಾಗಿಲಲ್ಲಿ ನಿಂತವರ ಪಾಡು

ಅಪನಂಬಿಕೆಯ ಬೀಜ ಬಿತ್ತನೆಯಾದದ್ದು ಲಸಿಕೆ ಬರುವುದಕ್ಕೂ ಮೊದಲು. 2020ರ ಮಾರ್ಚ್‌ನಲ್ಲಿ ದೆಹಲಿಯ ನಿಜಾಮುದ್ದೀನ್‌ನ ತಬ್ಲೀಗಿ ಜಮಾತ್ ಸಮಾವೇಶದ ನಂತರ ಒಂದು ಸಮುದಾಯವನ್ನೇ ರೋಗದ ಮೂಲವೆಂಬಂತೆ ಬಿಂಬಿಸಲಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಪೌರತ್ವ ತಿದ್ದುಪಡಿ ಕಾಯ್ದೆ, ಪೌರತ್ವ ನೋಂದಣಿಯ ವಿವಾದ ದೇಶವನ್ನು ಕಲಕಿತ್ತು. ಇಂತಹ ಹೊತ್ತಿನಲ್ಲಿ ಹಾಳೆ ಹಿಡಿದು ಮನೆ ಮನೆಗೆ ಬಂದ ಆಶಾ ಕಾರ್ಯಕರ್ತೆ ಕೆಮ್ಮು ಜ್ವರ ವಿಚಾರಿಸುತ್ತಿದ್ದಾರೋ, ಪೌರತ್ವದ ದಾಖಲೆ ಕಲೆಹಾಕುತ್ತಿದ್ದಾರೋ ಎಂಬ ಶಂಕೆ ಹುಟ್ಟಿತು. 2020ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ನಡೆಯಿತು. ಅದೇ ತಿಂಗಳ 19ರಂದು ಪಾದರಾಯನಪುರದಲ್ಲಿ ಗಲಭೆಯಾಯಿತು. ಹಲ್ಲೆ ಯಾವ ಕಾರಣಕ್ಕೂ ಸಮರ್ಥನೀಯವಲ್ಲ. ಆದರೆ ಆರೋಗ್ಯ ಸಮೀಕ್ಷೆಯ ಹಾಳೆ ಪೌರತ್ವದ ಹಾಳೆಯಂತೆ ಕಂಡದ್ದಕ್ಕೆ ಆ ಕಾರ್ಯಕರ್ತೆ ಕಾರಣಳಲ್ಲ. ರಾಜಕಾರಣದ ಋಣವನ್ನು ಆಕೆ ಬೀದಿಯಲ್ಲಿ ತೀರಿಸಿದಳು. 2021ರ ಮೇ 4ರಂದು ಬೆಂಗಳೂರಿನ ಹಾಸಿಗೆ ಹಂಚಿಕೆ ಕೇಂದ್ರದಲ್ಲಿ ಸಂಸದ ತೇಜಸ್ವಿ ಸೂರ್ಯ ಮತ್ತು ಜತೆಗಿದ್ದ ಶಾಸಕರು ಮುಸ್ಲಿಂ ಸಿಬ್ಬಂದಿಯ ಹೆಸರುಗಳನ್ನಷ್ಟೇ ಓದಿದಾಗ, ಹಾಸಿಗೆಯ ಅವ್ಯವಹಾರವೆಂಬ ಗಂಭೀರ ಪ್ರಶ್ನೆ ಧರ್ಮದ ಪ್ರಶ್ನೆಯಾಗಿ ಮಾರ್ಪಟ್ಟಿತು.

ಬಲವಂತವೂ ಕೆಲಸ ಮಾಡಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಚಾಮರಾಜನಗರದ ಜಿಲ್ಲಾಡಳಿತ, ಲಸಿಕೆ ಇಲ್ಲದಿದ್ದರೆ ಪಡಿತರವಿಲ್ಲ, ಪಿಂಚಣಿಯಿಲ್ಲ ಎಂಬ ಅಭಿಯಾನಕ್ಕೆ ಮುಂದಾಗಿ, ವಿರೋಧ ಬಂದಾಗ ಹಿಂದೆ ಸರಿಯಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಅಡ್ಡಪರಿಣಾಮಗಳ ಮಾಹಿತಿ ಸಾರ್ವಜನಿಕಗೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿತು. ಅದೇ ತೀರ್ಪಿನಲ್ಲಿ ಲಸಿಕೆ ನೀತಿ ಅಸಮಂಜಸವಲ್ಲ ಎಂದೂ ಹೇಳಿದ್ದನ್ನು ಪರ, ವಿರೋಧಿಗಳಿಬ್ಬರೂ ತಮಗೆ ಬೇಕಾದಷ್ಟೇ ಓದಿಕೊಂಡರು.

ಅಧಿಕಾರ ಬದಲು, ಪಾತ್ರ ಬದಲು

2023ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಕೋವಿಡ್ ಕಾಲದ ಖರೀದಿ ಅವ್ಯವಹಾರಗಳ ತನಿಖೆಗೆ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹ ಆಯೋಗ ರಚನೆಯಾಯಿತು. ತನಿಖೆ ಅಗತ್ಯವೆಂದಿತು ಒಂದು ಪಕ್ಷ, ದ್ವೇಷ ಸಾಧನೆ ಎಂದಿತು ಮತ್ತೊಂದು. 2024ರ ಏಪ್ರಿಲ್ ಕೊನೆಯಲ್ಲಿ, ಕೋವಿಶೀಲ್ಡ್‌ನ ಮೂಲ ಸೂತ್ರದ ಒಡೆತನ ಹೊಂದಿರುವ ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ, ತೀರಾ ಅಪರೂಪದ ಪ್ರಕರಣಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಡ್ಡಪರಿಣಾಮ ಉಂಟಾಗಬಹುದೆಂದು ಒಪ್ಪಿಕೊಂಡ ಸುದ್ದಿ ಬಂತು. ಈ ಪರಿಣಾಮ 2021ರಿಂದಲೇ ವೈದ್ಯಲೋಕಕ್ಕೆ ತಿಳಿದದ್ದು. ಆದರೆ ಸುದ್ದಿ ಬಂದದ್ದು ಲೋಕಸಭಾ ಚುನಾವಣೆಯ ನಡುವೆ. ರಾಯಚೂರು, ಕೊಪ್ಪಳ ಕ್ಷೇತ್ರಗಳಲ್ಲಿ ಮೇ 7ರಂದು ಮತದಾನ. ಲಿಂಗಸುಗೂರು ಮೊದಲನೆಯದಕ್ಕೆ ಸೇರಿದರೆ, ಸಿಂಧನೂರು, ಮಸ್ಕಿ ಎರಡನೆಯದಕ್ಕೆ ಸೇರಿವೆ. ಲಸಿಕೆ ಪಡೆದು ಮೂರು ವರ್ಷ ಕಳೆದವರಿಗೆ ಈಗ ಭಯ ಹುಟ್ಟಿಸಿ ಪ್ರಯೋಜನವೇನು ಎಂದು ವೈದ್ಯರು ಹೇಳುತ್ತಿದ್ದರೂ ಲಸಿಕೆ ಚುನಾವಣಾ ವಿಷಯವಾಯಿತು.

ಅತ್ಯಂತ ಸ್ಪಷ್ಟ ಉದಾಹರಣೆ 2025ರ ಜುಲೈನದು. ಹಾಸನ ಜಿಲ್ಲೆಯಲ್ಲಿ ಒಂದು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ವರದಿಗಳ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಜುಲೈ 1ರಂದು, ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮೋದನೆ ನೀಡಿ ಹಂಚಿದ್ದೂ ಈ ಸಾವುಗಳಿಗೆ ಕಾರಣವಿರಬಹುದು ಎಂಬರ್ಥದ ಹೇಳಿಕೆ ನೀಡಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು. ಬಯೋಕಾನ್‌ನ ಕಿರಣ್ ಮಜುಂದಾರ್ ಷಾ, ಆತುರದ ಅನುಮೋದನೆ ಎಂಬುದು ತಪ್ಪು ಮಾಹಿತಿ ಎಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿಯೇ 19 ರಾಜ್ಯಗಳ 47 ಆಸ್ಪತ್ರೆಗಳ ಮಾಹಿತಿ ಆಧರಿಸಿ, 18ರಿಂದ 45 ವರ್ಷದವರ ಹಠಾತ್ ಸಾವಿಗೂ ಲಸಿಕೆಗೂ ನಂಟಿಲ್ಲವೆಂದು, ಎರಡು ಡೋಸ್ ಪಡೆದವರಲ್ಲಿ ಅಂತಹ ಸಾವಿನ ಸಾಧ್ಯತೆ ಕಡಿಮೆಯೇ ಇತ್ತೆಂದು ತಿಳಿಸಿತ್ತು. ಸರ್ಕಾರವೇ ನೇಮಿಸಿದ್ದ, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಕೆಲವೇ ದಿನಗಳಲ್ಲಿ ವರದಿ ನೀಡಿತು: ಲಸಿಕೆಗೂ ಹೃದಯಾಘಾತಕ್ಕೂ ನೇರ ಸಂಬಂಧವಿಲ್ಲ.

ಆ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಆತಂಕಗೊಂಡವರ ಸಾಲು ಬೆಳೆದಿತ್ತು; ನಿಜವಾದ ರೋಗಿಗಳು ಅದರ ಹಿಂದೆ ನಿಲ್ಲಬೇಕಾಯಿತು. ಮಧುಮೇಹ, ಅಧಿಕ ರಕ್ತದೊತ್ತಡ, ಧೂಮಪಾನ, ಜಡ ಜೀವನಶೈಲಿ ಎಂಬ ಸಾಬೀತಾದ ಕಾರಣಗಳು ಚರ್ಚೆಯಲ್ಲಿ ಹಿಂದಾದವು. 2021ರಲ್ಲಿ ಲಸಿಕೆ ಎಲ್ಲಿ ಎಂದು ಕೇಳಿ, ತಾವೇ ಕೊಂಡು ಕೊಡುತ್ತೇವೆಂದ ಪಕ್ಷ 2025ರಲ್ಲಿ ಲಸಿಕೆಯನ್ನೇ ಶಂಕಿಸಿತು. 2021ರಲ್ಲಿ ಕೊರತೆಯ ಪ್ರಶ್ನೆಗಳಿಗೆ ಸಿಡುಕಿದ ಪಕ್ಷ 2025ರಲ್ಲಿ ವಿಜ್ಞಾನದ ವಕಾಲತ್ತು ವಹಿಸಿತು. ಇಬ್ಬರೂ ವಿಜ್ಞಾನವನ್ನು ಎದುರಾಳಿಯ ದಿಕ್ಕಿಗೆ ಗುರಿಯಿಟ್ಟರು.

ಅಮೆರಿಕದ ಎಚ್ಚರಿಕೆ

ಈ ಹಾದಿ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಅಮೆರಿಕ ನಿದರ್ಶನ. ಫ್ಲಾರಿಡಾ ಮತ್ತು ಒಹಾಯೊ ರಾಜ್ಯಗಳ ಮತದಾರರ ಪಟ್ಟಿಯೊಡನೆ ಮರಣ ದಾಖಲೆಗಳನ್ನು ತಾಳೆ ನೋಡಿದ, 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಎಲ್ಲ ವಯಸ್ಕರಿಗೂ ಲಸಿಕೆ ದೊರೆತ ನಂತರದ ಅವಧಿಯಲ್ಲಿ ರಿಪಬ್ಲಿಕನ್ ಮತದಾರರ ಹೆಚ್ಚುವರಿ ಸಾವಿನ ಪ್ರಮಾಣ ಡೆಮಾಕ್ರಟಿಕ್ ಮತದಾರರದಕ್ಕಿಂತ ಶೇ 43ರಷ್ಟು ಅಧಿಕವಾಗಿತ್ತು. ಲಸಿಕೆ ಬರುವ ಮುನ್ನ ಇಷ್ಟು ಅಂತರವಿರಲಿಲ್ಲ. ಕೋವಿಡ್‌ನಿಂದ ಹುಟ್ಟಿದ ಅಪನಂಬಿಕೆ ಮಕ್ಕಳ ಲಸಿಕೆಗೂ ಹರಡಿತು. 2025ರಲ್ಲಿ ಪಶ್ಚಿಮ ಟೆಕ್ಸಾಸ್‌ನಲ್ಲಿ ದಡಾರ ಸ್ಫೋಟಗೊಂಡು 700ಕ್ಕೂ ಹೆಚ್ಚು ಮಂದಿಗೆ ತಗುಲಿ, ಇಬ್ಬರು ಮಕ್ಕಳು ಮೃತಪಟ್ಟರು. ಅದೇ ವರ್ಷ ಜೂನ್‌ನಲ್ಲಿ ಆರೋಗ್ಯ ಸಚಿವ ರಾಬರ್ಟ್ ಕೆನೆಡಿ ಜೂನಿಯರ್ ಅವರು ಲಸಿಕೆ ಸಲಹಾ ಸಮಿತಿಯ ಎಲ್ಲ 17 ಸದಸ್ಯರನ್ನೂ ವಜಾ ಮಾಡಿದರು.

ಭಾರತದಲ್ಲೂ ಇಂತಹ ಹಿನ್ನಡೆಗೆ ಪೂರ್ವನಿದರ್ಶನವಿದೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಹಾಗೂ ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಆರಂಭವಾಯಿತು. ಏಳು ಬಾಲಕಿಯರ ಸಾವಿನ ವರದಿಯ ನಂತರ 2010ರಲ್ಲಿ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆ ಹೇಳಿತು. ಪೋಷಕರ ಒಪ್ಪಿಗೆ ಪಡೆದ ರೀತಿಯಲ್ಲಿ ಲೋಪಗಳಿದ್ದುದನ್ನೂ ಹೇಳಿತು. ಲೋಪ ಸರಿಪಡಿಸಿ ಮುಂದುವರಿಯಬಹುದಿತ್ತು. ಎಡ, ಬಲ ಎರಡೂ ಕಡೆಯ ವಿರೋಧದ ನಡುವೆ ಆ ಲಸಿಕೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬರುವುದು ದಶಕಕ್ಕೂ ಹೆಚ್ಚು ಕಾಲ ತಡವಾಯಿತು.

ನಿಜವಾದ ಪಣ: ಗುರುವಾರದ ಲಸಿಕೆ

ಕೋವಿಡ್ ಹಿಂದೆ ಸರಿದಿದೆ. ಉಳಿದಿರುವುದು ಅಂಗನವಾಡಿ, ಉಪಕೇಂದ್ರಗಳಲ್ಲಿ ಗುರುವಾರಗಳಂದು ನಡೆಯುವ ಮಕ್ಕಳ ಲಸಿಕೆ. ಇದರಲ್ಲಿ ರಾಜ್ಯ ಸಾಧಿಸಿರುವುದು ಸಣ್ಣದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳ ಪ್ರಮಾಣ ಶೇ 62.6 ಇದ್ದದ್ದು ಐದನೇ ಸುತ್ತಿಗೆ ಶೇ 84.1ಕ್ಕೆ ಏರಿತು. ಆದರೆ ದಡಾರವನ್ನು ತಡೆಯಲು ಶೇ 95ರಷ್ಟು ಮಕ್ಕಳಿಗೆ ಎರಡೂ ಡೋಸ್ ತಲುಪಬೇಕು. ಉಳಿದ ಮಕ್ಕಳು ರಾಜ್ಯದಲ್ಲಿ ಸಮನಾಗಿ ಹಂಚಿಹೋಗಿಲ್ಲ; ರಾಯಚೂರಿನಂತಹ ಜಿಲ್ಲೆಗಳಲ್ಲಿ ಹೆಚ್ಚಾಗಿದ್ದಾರೆ. 2014ರ ಡಿಸೆಂಬರ್‌ನಲ್ಲಿ ಆರಂಭವಾದ ಇಂದ್ರಧನುಷ್ ಅಭಿಯಾನದ ಮೊದಲ ಪಟ್ಟಿಯಲ್ಲಿ ರಾಯಚೂರು ಇದ್ದದ್ದು ಇದೇ ಕಾರಣಕ್ಕೆ.

ಇಲ್ಲಿನ ಅಡ್ಡಿಗಳು ಬಹುತೇಕ ಬದುಕಿಗೆ ಸಂಬಂಧಿಸಿದವು. ತುಂಗಭದ್ರಾ ಎಡದಂಡೆಯ ನೀರುಂಡ ಸಿಂಧನೂರಿನ ಗದ್ದೆಗಳಿಗೆ ಹೊರಗಿನಿಂದ ಕೂಲಿಕಾರರು ಬರುತ್ತಾರೆ. ಮಳೆಯನ್ನೇ ನಂಬಿದ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ಎಂಟು ತಿಂಗಳ ಕೂಸನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟ ತಾಯಿ ಒಂಬತ್ತನೇ ತಿಂಗಳ ದಡಾರ–ರುಬೆಲ್ಲಾ ಲಸಿಕೆಯನ್ನು ಎಲ್ಲಿ ಹಾಕಿಸಬೇಕು? ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಮನೆಮಾತಿನ ಕುಟುಂಬಗಳಿವೆ. ದಾಖಲೆ ಕೇಳುವ ಯಾರನ್ನು ಕಂಡರೂ ಪೌರತ್ವದ ನೆನಪಾಗುವ ಇಂತಹ ಕಡೆ ಆಶಾ ಕಾರ್ಯಕರ್ತೆಯ ಮೇಲಿನ ನಂಬಿಕೆಯೇ ಆಕೆಯ ಬಂಡವಾಳ. ಆ ಕಾರ್ಯಕರ್ತೆಯರು ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂರಬೇಕಾಯಿತು. ತಿಂಗಳಿಗೆ ₹10 ಸಾವಿರ ಖಾತರಿಯ ಭರವಸೆ ಪಡೆದು ಮರಳಿದರು.

ವಿಶ್ವಾಸದ ಈ ಬಂಡವಾಳ ಕರಗಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹತ್ತಿಕ್ಕಿದ್ದೇವೆ ಎಂದುಕೊಂಡಿದ್ದ ಪೋಲಿಯೊ 2003ರಲ್ಲಿ ಕರ್ನಾಟಕದಲ್ಲಿ ಮತ್ತೆ ತಲೆಯೆತ್ತಿತ್ತು. ಅದನ್ನು ಸೋಲಿಸಲು ಪಕ್ಷಭೇದ ಮರೆತು ವರ್ಷಗಟ್ಟಲೆ ದುಡಿಯಬೇಕಾಯಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ದೊರೆತಾಗ ಅದರ ಮೇಲೆ ಯಾವ ಪಕ್ಷದ ಮುಖವೂ ಇರಲಿಲ್ಲ.

ಆಗಬೇಕಾದದ್ದೇನು?

ದಾರಿ ಕಠಿಣವೇನಲ್ಲ. ಸಾಂಕ್ರಾಮಿಕದ ಹೊತ್ತಿನಲ್ಲಿ ಸಭೆ, ಮೆರವಣಿಗೆಗಳ ಮಿತಿಯನ್ನು ಎಲ್ಲ ಊರುಗಳಿಗೂ ಎಲ್ಲ ಪಕ್ಷಗಳಿಗೂ ಒಂದೇ ಅಳತೆಗೋಲಿನಿಂದ, ಸೋಂಕಿನ ಪ್ರಮಾಣ ನೋಡಿ ನಿರ್ಧರಿಸುವ ನಿಯಮ ಮೊದಲೇ ಇರಬೇಕು. ತುರ್ತು ಲಸಿಕೆಯನ್ನು ಯಾರು ಖರೀದಿಸಬೇಕು, ಹೇಗೆ ಹಂಚಬೇಕು ಎಂಬುದನ್ನು ಶಾಂತಿಯ ಕಾಲದಲ್ಲೇ ಬರೆದಿಡಬೇಕು. ಅಡ್ಡಪರಿಣಾಮದ ವರದಿಗಳನ್ನು ಪರಿಣತರ ಸಮಿತಿ ನಿಯತವಾಗಿ, ಕನ್ನಡದಲ್ಲಿ, ಜನರ ಮುಂದಿಡಬೇಕು. ವರದಿ ಬರುವ ಮೊದಲೇ ಕಾರಣ ಘೋಷಿಸುವ ಅಭ್ಯಾಸವನ್ನು ಅಧಿಕಾರಸ್ಥರು ಬಿಡಬೇಕು. ಲಸಿಕೆ ಕಾರ್ಡಿನ ಮೇಲೆ ಮಗುವಿನ ಹೆಸರಿದ್ದರೆ ಸಾಕು.

2021ರಲ್ಲಿ ಈ ಮೂರು ತಾಲ್ಲೂಕುಗಳ ರಾಜಕೀಯ ಚಿತ್ರ ನೋಡಿದರೆ ಸಿಂಧನೂರಿನಲ್ಲಿ ಜೆಡಿಎಸ್, ಲಿಂಗಸುಗೂರಿನಲ್ಲಿ ಕಾಂಗ್ರೆಸ್ ಶಾಸಕರಿದ್ದರು. ಮಸ್ಕಿ ಕಾಂಗ್ರೆಸ್–ಬಿಜೆಪಿಗಳ ರಣಾಂಗಣವಾಗಿತ್ತು. 2023ರಲ್ಲಿ ಸಿಂಧನೂರು, ಮಸ್ಕಿ ಕಾಂಗ್ರೆಸ್‌ಗೂ ಲಿಂಗಸುಗೂರು ಬಿಜೆಪಿಗೂ ಒಲಿದವು. ಪ್ರತಿನಿಧಿಗಳು ಬದಲಾದರು, ಮುಂದೆಯೂ ಬದಲಾಗುತ್ತಾರೆ. ಮೂರೂ ತಾಲ್ಲೂಕುಗಳ ಶೀತಪೆಟ್ಟಿಗೆಗಳಲ್ಲಿ ಲಸಿಕೆ ಇರಬೇಕಾದದ್ದು ಮಾತ್ರ ಒಂದೇ ಉಷ್ಣಾಂಶದಲ್ಲಿ: 2ರಿಂದ 8 ಡಿಗ್ರಿ ಸೆಲ್ಸಿಯಸ್. ರಾಜಕಾರಣದ ಬಿಸಿ ಅದಕ್ಕೆ ತಾಗದಂತೆ ಕಾಯುವುದು ಆರೋಗ್ಯ ಇಲಾಖೆಯೊಂದರಿಂದಲೇ ಆಗುವ ಕೆಲಸವಲ್ಲ. ಮತ ಕೇಳುವವರೂ ಕೊಡುವವರೂ ಸೇರಿ ಮಾಡಬೇಕಾದದ್ದು.